ಮಗಳು ಆಫ್ರಿಕಾ ಮೂಲದ ಜನರ ಸಂಸ್ಕೃತಿ ಓದಬೇಕು ಅನ್ನುತ್ತಾಳೆ. ಅಂಥ ಪ್ರೊಫೆಸರ್ ಬದುಕು ಪೂರ್ತಿ ಏನು ಮಾಡುತ್ತಾರೆ?

ತೋಟದಮನೆ, ಸಿದ್ದಾಪುರ:

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಸಿದ್ದಾಪುರದ ಹತ್ತಿರ ಏಳು ಎಕರೆ ರೋಬಸ್ಟಾ ಕಾಫಿ ತೋಟ, ಒಂದೂವರೆ ಎಕರೆ ಗದ್ದೆ ನೋಡಿಕೊಂಡು ಇರುವವನು. ಓದಿದ್ದು ಪಿಯುಸಿ. ಮಗಳು ಮಡಿಕೇರಿಯಲ್ಲಿ ಬಿಎ ಮುಗಿಸಿ ಈಗ ಮೈಸೂರಿನಲ್ಲಿ ಮಾನವಶಾಸ್ತ್ರ ಎಂಎ ಮಾಡುತ್ತಿದ್ದಾಳೆ. ಹುತ್ತರಿ ಹಬ್ಬಕ್ಕೆ ಮನೆಗೆ ಬಂದವಳು ಊಟದ ಹೊತ್ತಿನಲ್ಲಿ ಹೇಳಿದಳು: "ಅಪ್ಪ, ನಾನು ಪಿಎಚ್‌ಡಿ ಮಾಡ್ತೀನಿ. ಆಫ್ರಿಕಾದಿಂದ ಜನರನ್ನ ಹಡಗಲ್ಲಿ ತುಂಬಿ ಗುಲಾಮರಾಗಿ ಮಾರಿದ್ರಲ್ಲ, ಅವರ ಮಕ್ಕಳು ಮರಿಮಕ್ಕಳ ಸಂಸ್ಕೃತಿ ಬಗ್ಗೆ. ಆಮೇಲೆ ಅದನ್ನೇ ಕಲಿಸ್ತೀನಿ."

ನನಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಸುಮ್ಮನೆ ಊಟ ಮಾಡಿದೆ. ಆಮೇಲೆ ಅವಳು ಲ್ಯಾಪ್‌ಟಾಪ್‌ನಲ್ಲಿ ಒಂದು ಹಳೇ ಫೋಟೊ ತೋರಿಸಿದಳು. ಒಬ್ಬ ಹೆಂಗಸು ಅಗಲವಾದ ಬುಟ್ಟಿಯಲ್ಲಿ ಭತ್ತ ತೂರುತ್ತಿದ್ದಾಳೆ. ಪಕ್ಕದಲ್ಲಿ ಮರದ ಒರಳು, ಒನಕೆ. ನಮ್ಮ ಅವ್ವನಿಗೆ ಎಂಬತ್ತೊಂದು ವರ್ಷ. ಕನ್ನಡಕ ಹಾಕಿಕೊಂಡು ನೋಡಿ, "ಇದು ಯಾರ ಮನೆ ಕಣ?" ಅಂತ ಕೇಳಿದರು. ಮಗಳು "ಅಜ್ಜಿ, ಇದು ಅಮೆರಿಕ, ಸೌತ್ ಕೆರೊಲಿನಾ" ಅಂದಳು. ಅವ್ವ ನಂಬಲಿಲ್ಲ. "ಬುಟ್ಟಿ ಬೇರೆ ಇರಬಹುದು. ಕೈ ನೋಡು, ಅದು ಕೇರೋ ಕೈ" ಅಂದರು.

ಅವಳನ್ನು ತಡೆಯುವ ಮನಸ್ಸು ನನಗಿಲ್ಲ. ಆದರೆ ಅರ್ಥ ಮಾಡಿಕೊಳ್ಳಬೇಕು. ಈ ವಿಷಯದ ಪ್ರೊಫೆಸರ್ ಅಂದರೆ ಮೂವತ್ತು ನಲವತ್ತು ವರ್ಷ ಏನು ಕೆಲಸ ಮಾಡುತ್ತಾರೆ? ಅದರಿಂದ ಆ ಜನರಿಗೆ ಏನಾದರೂ ಉಪಯೋಗ ಇದೆಯಾ? ಕೊಡಗಿನ ಹುಡುಗಿಗೂ ಆಫ್ರಿಕಾಕ್ಕೂ ಏನು ಸಂಬಂಧ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಹಳೇ ಮೇಷ್ಟ್ರು, ವಿರಾಜಪೇಟೆ:

ನಿಮ್ಮ ಪ್ರಶ್ನೆ ನೋಡಿ ತುಂಬಾ ಸಂತೋಷವಾಯಿತು. ನಾನು ಇದೇ ಮಾನವಶಾಸ್ತ್ರವನ್ನು ಇಪ್ಪತ್ತೊಂಬತ್ತು ವರ್ಷ ಕಾಲೇಜಿನಲ್ಲಿ ಕಲಿಸಿ ಈಗ ಊರಲ್ಲಿದ್ದೇನೆ. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕೊಡಗಿಗೂ ಆಫ್ರಿಕಾದ ಅಧ್ಯಯನಕ್ಕೂ ಸಂಬಂಧ ಇದೆ. ಮೈಸೂರಿನ ಎಂ. ಎನ್. ಶ್ರೀನಿವಾಸ್ ಅವರು ಕೊಡವರ ಬಗ್ಗೆ ಬರೆದ ಪುಸ್ತಕ 1952ರಲ್ಲಿ ಬಂತು. ಒಕ್ಕ ಅನ್ನುವ ಕೊಡವ ಮನೆತನ, ಅದರ ಮೂಲಮನೆಯಾದ ಐನ್‌ಮನೆ, ಕೈಲ್ ಪೊಳ್ದ್, ಹುತ್ತರಿ ಹಬ್ಬಗಳು, ಎಲ್ಲ ಅದರಲ್ಲಿದೆ. ಅದು ಮೊದಲು ಆಕ್ಸ್‌ಫರ್ಡ್‌ನಲ್ಲಿ ಅವರ ಪಿಎಚ್‌ಡಿ ಬರಹ. ಅಲ್ಲಿ ಅವರ ಗುರುಗಳಲ್ಲಿ ಒಬ್ಬರು ಇವಾನ್ಸ್-ಪ್ರಿಚರ್ಡ್. ಆ ಮನುಷ್ಯ ಅಷ್ಟು ಹೊತ್ತಿಗೆ ಸುಡಾನಿನ ದಕ್ಷಿಣದಲ್ಲಿ ಅಜಾಂಡೆ ಮತ್ತು ನುಎರ್ ಜನರ ನಡುವೆ ಇದ್ದು ಬಂದವರು. ದನ ಮೇಯಿಸುವ ನುಎರ್ ಜನರ ಕುಲ, ನೆಂಟಸ್ತಿಕೆ, ಜಗಳ, ರಾಜಿ ನೋಡಿ ಪಳಗಿದ ಕಣ್ಣು ನಮ್ಮ ಒಕ್ಕದ ಬಗ್ಗೆ ಬರೆದದ್ದನ್ನು ಓದಿ ತಿದ್ದಿದೆ. ಆಫ್ರಿಕಾದ ಹಳ್ಳಿಯಲ್ಲಿ ಕಲಿತ ಪಾಠ ಒಮ್ಮೆ ಕೊಡಗಿಗೆ ಬಂದಿದೆ. ಈಗ ಕೊಡಗಿನ ಹುಡುಗಿ ಆ ಕಡೆಗೆ ನೋಡಿದರೆ ಅದರಲ್ಲಿ ಆಶ್ಚರ್ಯ ಏನಿದೆ?

ಇನ್ನು ಪ್ರೊಫೆಸರ್ ಏನು ಮಾಡುತ್ತಾರೆ ಅನ್ನುವುದು. ಒಬ್ಬರ ಬದುಕು ಹೇಳುತ್ತೇನೆ. ಮೆಲ್ವಿಲ್ ಹರ್ಸ್ಕೊವಿಟ್ಸ್, 1895ರಲ್ಲಿ ಅಮೆರಿಕದ ಓಹಾಯೊದಲ್ಲಿ ಹುಟ್ಟಿದವರು. ಷಿಕಾಗೊ ಪಕ್ಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಕ್ಕೆ 1927ರಲ್ಲಿ ಸೇರಿ ಕೊನೆತನಕ ಅಲ್ಲೇ ಇದ್ದರು. ಆ ಕಾಲದಲ್ಲಿ ಅಮೆರಿಕದಲ್ಲಿ ದೊಡ್ಡ ದೊಡ್ಡ ಪಂಡಿತರೂ ಏನು ಹೇಳುತ್ತಿದ್ದರು ಗೊತ್ತಾ? ಕಪ್ಪು ಜನರಿಗೆ ಹಿಂದಿನದು ಅಂತ ಏನೂ ಇಲ್ಲ, ಹಡಗಿನಲ್ಲಿ ಬರುವಾಗಲೇ ಎಲ್ಲ ಅಳಿಸಿಹೋಯಿತು, ಅವರದ್ದು ಬಿಳಿಯರಿಂದ ಅರೆಬರೆ ಕಲಿತದ್ದು ಅಷ್ಟೆ, ಅಂತ.

ಹರ್ಸ್ಕೊವಿಟ್ಸ್ ಮತ್ತು ಅವರ ಹೆಂಡತಿ ಫ್ರಾನ್ಸಿಸ್ 1928ರಲ್ಲಿ ಒಮ್ಮೆ, 1929ರಲ್ಲಿ ಇನ್ನೊಮ್ಮೆ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದರು. ಅಲ್ಲಿ ಸಕ್ಕರೆ ತೋಟಗಳಿಂದ ತಪ್ಪಿಸಿಕೊಂಡು ಕಾಡು ಸೇರಿದ ಗುಲಾಮರ ವಂಶದವರಿದ್ದಾರೆ, ಸರಮಾಕಾ ಅಂತ. ನದಿಯಲ್ಲಿ ದೋಣಿ ಹತ್ತಿ ಅವರ ಊರುಗಳಿಗೆ ಹೋಗಿ, ಅವರ ದೇವರು, ಕಥೆ, ಮರದ ಕೆತ್ತನೆ ಎಲ್ಲ ಬರೆದುಕೊಂಡರು. ಅಲ್ಲಿ ಕಂಡದ್ದರ ಬೇರು ನೋಡಬೇಕು ಅಂತ 1931ರಲ್ಲಿ ಪಶ್ಚಿಮ ಆಫ್ರಿಕಾದ ದಹೋಮಿಗೆ, ಅಂದರೆ ಇವತ್ತಿನ ಬೆನಿನ್ ದೇಶಕ್ಕೆ ಹೋದರು. ಆಮೇಲೆ 1934ರಲ್ಲಿ ಹೈಟಿ, 1939ರಲ್ಲಿ ಟ್ರಿನಿಡಾಡ್. ಅಷ್ಟು ತಿರುಗಿ ಕೂಡಿಟ್ಟದ್ದರಿಂದ, ಈ ಜನರಿಗೆ ಹಿಂದಿನದು ಇಲ್ಲ ಅನ್ನುವ ಮಾತೇ ಕಟ್ಟುಕತೆ ಅಂತ 1941ರಲ್ಲಿ ಒಂದು ಇಡೀ ಪುಸ್ತಕ ಬರೆದರು. 1941–42ರಲ್ಲಿ ಬ್ರೆಜಿಲ್‌ಗೂ ಹೋದರು. 1948ರಲ್ಲಿ ತಮ್ಮ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾ ಅಧ್ಯಯನಕ್ಕೆ ಅಂತಲೇ ಪ್ರತ್ಯೇಕ ಕಾರ್ಯಕ್ರಮ ಶುರು ಮಾಡಿದರು. ತೀರಿಕೊಂಡದ್ದು 1963ರಲ್ಲಿ.

ಅವರು ಹೇಳಿದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಫ್ರೇಜಿಯರ್ ಅಂತ ಕಪ್ಪು ಸಮಾಜಶಾಸ್ತ್ರಜ್ಞರು ಎದುರು ನಿಂತರು. ಗುಲಾಮಗಿರಿ ಎಷ್ಟು ಕ್ರೂರವಾಗಿತ್ತು ಅಂದರೆ ಕುಟುಂಬವೇ ಒಡೆದುಹೋಯಿತು, ಈಗ ಇರುವ ಕುಟುಂಬದ ರೀತಿ ಆಫ್ರಿಕಾದ ಉಳಿಕೆಯಲ್ಲ, ಗುಲಾಮಗಿರಿಯಿಂದ ಮತ್ತು ಆಮೇಲಿನ ಬದುಕಿನಿಂದ ಬಂದದ್ದು ಅನ್ನುವುದು ಅವರ ವಾದ. ಇಬ್ಬರೂ ಬ್ರೆಜಿಲ್‌ನ ಬಹಿಯಾಕ್ಕೆ ಹೋಗಿ, ಅಲ್ಲಿನ ಕುಟುಂಬಗಳನ್ನೇ ನೋಡಿ, ಬೇರೆ ಬೇರೆ ತೀರ್ಮಾನಕ್ಕೆ ಬಂದರು. ನಾನು ತರಗತಿಯಲ್ಲಿ ಈ ಜಗಳಕ್ಕೆ ಒಂದು ವಾರ ಕೊಡುತ್ತಿದ್ದೆ. ನನ್ನ ಮನಸ್ಸು ಯಾವಾಗಲೂ ಎರಡೂ ಕಡೆ ಎಳೆಯುತ್ತಿತ್ತು.

ಉಪಯೋಗ ಏನು ಅಂತ ಕೇಳಿದಿರಿ. ಅದೇ ಸರಮಾಕಾ ಜನರ ಹತ್ತಿರ 1960ರ ದಶಕದಲ್ಲಿ ರಿಚರ್ಡ್ ಪ್ರೈಸ್ ಅನ್ನುವವರು ಹೋದರು. ಅವರೂ ಹೆಂಡತಿ ಸ್ಯಾಲಿ ಜೊತೆಗೆ. ಹಿರಿಯರು ಹಳೇ ಕಾಲದ ಕಥೆಯನ್ನು ಯಾರಿಗೂ ಪೂರ್ತಿ ಹೇಳುವುದಿಲ್ಲ. ತಮ್ಮ ಮಕ್ಕಳಿಗೂ ತುಣುಕು ತುಣುಕಾಗಿಯೇ ಹೇಳುವುದು. ಪ್ರೈಸ್ ವರ್ಷಗಟ್ಟಲೆ ಕಾದು ಕೇಳಿದರು, ಸುರಿನಾಮ್ ಆಳಿದ್ದ ಡಚ್ಚರ ಹಳೇ ಕಾಗದಪತ್ರ ತೆಗೆದು ಹೊಂದಿಸಿ ನೋಡಿದರು. ಇನ್ನೂರು ವರ್ಷ ಬಾಯಲ್ಲಿ ಉಳಿದ ಕಥೆಯೂ ಕಾಗದವೂ ಎಷ್ಟೋ ಕಡೆ ಕೂಡಿಬಂದವು. ಮುಂದೆ ಅಲ್ಲಿನ ಸರ್ಕಾರ ಆ ಕಾಡನ್ನು ಮರ ಕಡಿಯುವ ಕಂಪನಿಗಳಿಗೆ, ಗಣಿಗೆ ಕೊಟ್ಟಿತು. ಸರಮಾಕಾ ಜನ ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋದರು. ಪ್ರೈಸ್ ಅಲ್ಲಿ ತಜ್ಞ ಸಾಕ್ಷಿ. 2007ರ ನವೆಂಬರ್‌ನಲ್ಲಿ ತೀರ್ಪು ಸರಮಾಕಾ ಜನರ ಕಡೆಗೆ ಬಂತು. ತಲೆತಲಾಂತರದಿಂದ ಬಂದ ಜಮ್ಮಾ ಜಮೀನಿನ ಕಾಗದಕ್ಕೆ ಕಚೇರಿ ಸುತ್ತಿದ ಯಾವ ಕೊಡಗಿನ ಮನೆಗೂ ಇದರ ಬೆಲೆ ವಿವರಿಸಬೇಕಾಗಿಲ್ಲ, ಅಲ್ವಾ?

ಕೊನೆಗೆ, ನಿಮ್ಮ ಅವ್ವ ನೋಡಿದ ಫೋಟೊದ ವಿಷಯ. ಅದು ಬಹುಶಃ ಗಲ್ಲಾ ಜನರದ್ದು. ಸೌತ್ ಕೆರೊಲಿನಾ, ಜಾರ್ಜಿಯಾ ಕರಾವಳಿಯ ಭತ್ತದ ಗದ್ದೆಗಳಿಗೆ ಆಫ್ರಿಕಾದಿಂದ ತಂದ ಜನರ ವಂಶ. ಅವರಲ್ಲಿ ಎಷ್ಟೋ ಜನ ಭತ್ತ ಬೆಳೆದೇ ಬದುಕಿದ್ದ ಪಶ್ಚಿಮ ಆಫ್ರಿಕಾದ ಊರುಗಳವರು. ನೀರು ಕಟ್ಟುವುದು, ಕುಟ್ಟುವುದು, ಕೇರುವುದು ಗೊತ್ತಿದ್ದವರು. ಅವರ ಮಾತನ್ನು ಎಲ್ಲರೂ ಹಾಳು ಇಂಗ್ಲಿಷ್ ಅಂತ ನಗುತ್ತಿದ್ದರು. ಲೊರೆಂಜೊ ಡೌ ಟರ್ನರ್ ಅನ್ನುವ ಕಪ್ಪು ಪ್ರೊಫೆಸರ್ ಮಾತ್ರ ನಗಲಿಲ್ಲ. 1930ರ ದಶಕದಲ್ಲಿ ಭಾರದ ರೆಕಾರ್ಡಿಂಗ್ ಯಂತ್ರ ಹೊತ್ತು ದ್ವೀಪದಿಂದ ದ್ವೀಪಕ್ಕೆ ಹೋದರು. ಲಂಡನ್‌ಗೆ ಹೋಗಿ ಆಫ್ರಿಕಾದ ಭಾಷೆಗಳನ್ನು ಕಲಿತರು. ಗಲ್ಲಾ ಜನರು ಮಕ್ಕಳನ್ನು ಮನೆಯಲ್ಲಿ ಕರೆಯುವ ಹೆಸರುಗಳೇ ಆಫ್ರಿಕಾದ ಭಾಷೆಗಳಿಂದ ಬಂದದ್ದು ಅಂತ ಸಾವಿರಾರು ಹೆಸರು ಹಿಡಿದು ತೋರಿಸಿದರು. ಪುಸ್ತಕ ಬಂದದ್ದು 1949ರಲ್ಲಿ. ಶಾಲೆಯಲ್ಲಿ ಒಂದು ಹೆಸರು, ಮನೆಯಲ್ಲಿ ಒಂದು ಹೆಸರು. ನಮಗೆ ಗೊತ್ತಿರುವ ವಿಷಯವೇ.

ಜಾರ್ಜಿಯಾದ ಹ್ಯಾರಿಸ್ ನೆಕ್ ಅನ್ನುವ ಊರಲ್ಲಿ ಅಮೇಲಿಯಾ ಡಾಲಿ ಅನ್ನುವ ಹೆಂಗಸು ಟರ್ನರ್‌ಗೆ ಒಂದು ಹಾಡು ಹೇಳಿದಳು. ನಾಲ್ಕೈದು ಸಾಲು. ಅರ್ಥ ಅವಳಿಗೆ ಗೊತ್ತಿಲ್ಲ, ತಾಯಿಯಿಂದ ಬಂದ ಹಾಡು. ಅದು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ದೇಶದ ಮೆಂಡೆ ಭಾಷೆ ಅಂತ ಟರ್ನರ್‌ಗೆ ಆಮೇಲೆ ಗೊತ್ತಾಯಿತು. ಐವತ್ತು ಚಿಲ್ಲರೆ ವರ್ಷದ ಮೇಲೆ, ಸಿಯೆರಾ ಲಿಯೋನಿನಲ್ಲಿ ಕಲಿಸುತ್ತಿದ್ದ ಜೋಸೆಫ್ ಒಪಾಲಾ ಅನ್ನುವ ಮಾನವಶಾಸ್ತ್ರಜ್ಞರು ಜೊತೆಗಾರರೊಂದಿಗೆ ಆ ರೆಕಾರ್ಡಿಂಗ್ ಹಿಡಿದು ಹುಡುಕಲು ಹೊರಟರು. ಹಾಡಿನಲ್ಲಿ ಗೋರಿ ಅನ್ನುವ ಅರ್ಥದ ಒಂದು ಪದ ಇತ್ತು. ಆ ಪದವನ್ನು ಹಾಗೆ ಹೇಳುವುದು ಮೆಂಡೆ ಸೀಮೆಯ ದಕ್ಷಿಣದಲ್ಲಿ ಮಾತ್ರ. ಒಂದೇ ಪದದ ಜಾಡು ಹಿಡಿದು ಹಳ್ಳಿ ಹಳ್ಳಿ ಕೇಳುತ್ತಾ ಹೋದರು. ಸೆನೆಹುನ್ ನ್ಗೋಲಾ ಅನ್ನುವ ಊರಲ್ಲಿ ಬೈಂದು ಜಬಾತಿ ಅನ್ನುವ ಹೆಂಗಸು ಆ ಹಾಡನ್ನು ಕೇಳಿ, ತಾನೂ ಹಾಡಿದಳು. ಅವಳ ಅಜ್ಜಿ ಕಲಿಸಿದ್ದಳಂತೆ. ಅದು ಸಮಾಧಿಯ ಹತ್ತಿರ ಹೆಂಗಸರು ಹಾಡುವ ಹಾಡು. ಅಮೆರಿಕದಲ್ಲಿ ಹುಡುಕಿದರೆ ಅಮೇಲಿಯಾಳ ಮಗಳು ಮೇರಿ ಮೊರಾನ್ ಬದುಕಿದ್ದಳು, ಅವಳಿಗೂ ಹಾಡು ಬಾಯಿಗೆ ಬರುತ್ತಿತ್ತು. ನಡುವೆ ಸಿಯೆರಾ ಲಿಯೋನಿನಲ್ಲಿ ಅಂತರ್ಯುದ್ಧ ಬಂದು ತಡವಾಯಿತು. 1997ರಲ್ಲಿ ಮೇರಿ ಆ ಊರಿಗೆ ಹೋದಳು.

ಈ ಪಾಠ ಮಾಡುವ ದಿನ ಪ್ರತಿ ವರ್ಷ ನನ್ನ ಗಂಟಲು ಕಟ್ಟುತ್ತಿತ್ತು. ಒಬ್ಬ ಪ್ರೊಫೆಸರ್ ಬರೆದಿಟ್ಟ, ಇನ್ನೊಬ್ಬ ಎತ್ತಿಕೊಂಡು ನಡೆದ. ನಿಮ್ಮ ಮಗಳು ಮಾಡಲು ಹೊರಟಿರುವುದು ಈ ಕೆಲಸ.

ಪಾಲಿಬೆಟ್ಟ ರೋಡ್:

ಮೇಷ್ಟ್ರು ಮನಸ್ಸು ತುಂಬುವ ಹಾಗೆ ಬರೆದಿದ್ದಾರೆ. ನಾನು ಹೊಟ್ಟೆಪಾಡಿನ ವಿಷಯ ಬೇಗ ಹೇಳುತ್ತೇನೆ, ಅದೂ ಬೇಕಲ್ವಾ ಅಣ್ಣ. ನನ್ನ ತಂಗಿ ಇದೇ ದಾರಿಯಲ್ಲಿದ್ದಾಳೆ.

ಮೊದಲು ಎನ್‌ಇಟಿ, ಅಂದರೆ ಕಾಲೇಜಿನಲ್ಲಿ ಕಲಿಸಲು ಅರ್ಹತೆ ನೋಡುವ ಪರೀಕ್ಷೆ. ಅದರಲ್ಲಿ ಸಂಶೋಧನೆಗೆ ಹಣ ಕೊಡುವ ಜೆಆರ್‌ಎಫ್ ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಬರುತ್ತದೆ, 2023ರಿಂದ ಅಷ್ಟು ಮಾಡಿದ್ದಾರೆ. ಅಷ್ಟಾದರೆ ಪಿಎಚ್‌ಡಿಗೆ ಮನೆಯಿಂದ ಹಣ ಹಾಕಬೇಕಾಗಿಲ್ಲ. ಆಫ್ರಿಕಾ ಅಧ್ಯಯನಕ್ಕೆ ಅಂತಲೇ ದೆಹಲಿ ವಿಶ್ವವಿದ್ಯಾಲಯದಲ್ಲಿ, ಜೆಎನ್‌ಯುನಲ್ಲಿ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ವಿಭಾಗಗಳಿವೆ. ನಮ್ಮಲ್ಲಿ ಮಾನವಶಾಸ್ತ್ರಕ್ಕೆ ಮೈಸೂರು, ಧಾರವಾಡ. ಕೇಂದ್ರ ಸರ್ಕಾರದ ಮಾನವಶಾಸ್ತ್ರ ಸರ್ವೇಕ್ಷಣಾ ಸಂಸ್ಥೆಯ ದಕ್ಷಿಣ ಕೇಂದ್ರ ಮೈಸೂರಿನಲ್ಲೇ ಇದೆ. ಕಾಯಂ ಲೆಕ್ಚರರ್ ಹುದ್ದೆ ಕಡಿಮೆ, ಅದು ನಿಜ. ತಂಗಿ ಮೂರು ವರ್ಷ ಅತಿಥಿ ಉಪನ್ಯಾಸಕಿಯಾಗಿ ದುಡಿದಳು. ಒಂದು ಕಾಲೇಜಿನವರು ಐದು ತಿಂಗಳ ಸಂಬಳ ಹಿಡಿದಿಟ್ಟುಕೊಂಡರು. ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಯುಪಿಎಸ್‌ಸಿಗೂ ಮಾನವಶಾಸ್ತ್ರ ಐಚ್ಛಿಕ ವಿಷಯ, ಹಾಗಾಗಿ ಓದಿದ್ದು ಎಲ್ಲೂ ಹೋಗುವುದಿಲ್ಲ.

ಸೋಮವಾರಪೇಟೆ ಟೀಚರ್:

ತೋಟದಮನೆ ಅಣ್ಣ, ಆಫ್ರಿಕಾ ನೋಡಲು ವಿಮಾನ ಹತ್ತಬೇಕಾಗಿಲ್ಲ. ನಾನು ಹನ್ನೊಂದು ವರ್ಷ ಯಲ್ಲಾಪುರದ ಕಡೆ ಕಾಡಂಚಿನ ಶಾಲೆಯಲ್ಲಿ ಪಾಠ ಮಾಡಿದ್ದೇನೆ. ನನ್ನ ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಸಿದ್ದಿ ಮಕ್ಕಳು. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆ ಅವರ ಊರುಗಳಿವೆ. ಅವರ ಹಿರಿಯರಲ್ಲಿ ಎಷ್ಟೋ ಜನರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಸುರಿನಾಮ್ ಕಥೆ ಓದುವಾಗ ನನಗೆ ನಮ್ಮ ಶಾಲೆಯ ಹಿಂದಿನ ಕಾಡೇ ಕಣ್ಣಿಗೆ ಬಂತು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ನಮ್ಮ ಜೊತೆ ಚಂದದ ಕನ್ನಡ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು 2003ರಲ್ಲಿ ಮಾತ್ರ.

ಅವರ ಕೌದಿ ನೋಡಬೇಕು ನೀವು. ನಮ್ಮ ಮನೆಯಲ್ಲೂ ಅಜ್ಜಿ ಹಳೇ ಸೀರೆ ಮಡಚಿ ಕೌದಿ ಹೊಲಿಯುತ್ತಿದ್ದರು, ಆದರೆ ಇದು ಬೇರೆ. ಒಂದು ಮೂಲೆಯಿಂದ ಶುರು ಮಾಡುತ್ತಾರೆ. ಅಂಚು ಹಿಡಿದು ಸುತ್ತ ಹೊಲಿಯುತ್ತಾ, ತುಂಡಿನ ಮೇಲೆ ತುಂಡು ಇಡುತ್ತಾ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಮೊದಲೇ ಗೆರೆ ಎಳೆದುಕೊಳ್ಳುವುದಿಲ್ಲ. ಹೊಲಿಗೆ ದಪ್ಪ ದಾರದ್ದು, ಸಾಲು ಸಾಲಾಗಿ ಕಾಣುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ಮೂರು ಮೂಲೆಯಾಗಿ ಮಡಚಿ ಇಡುತ್ತಾರೆ, ಅದಕ್ಕೆ ಫೂಲ ಅನ್ನುತ್ತಾರೆ, ಹೂವು. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅಂತ ಹೇಳುತ್ತಾರೆ. ನನ್ನ ವರ್ಗಾವಣೆ ಆದಾಗ ಒಬ್ಬ ವಿದ್ಯಾರ್ಥಿಯ ತಾಯಿ ಒಂದು ಕೊಟ್ಟರು. ಅದರಲ್ಲಿ ಒಂದು ತುಂಡು ನಮ್ಮ ಶಾಲೆಯ ಸಮವಸ್ತ್ರದ ನೀಲಿ. ಈಗಲೂ ಮಳೆಗಾಲದಲ್ಲಿ ಅದನ್ನೇ ಹೊದೆಯುತ್ತೇನೆ.

ಈ ಕೌದಿಗಳ ಬೆನ್ನು ಹಿಡಿದು ಬಂದವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಹೆನ್ರಿ ಡ್ರೂವಲ್. ಅದಕ್ಕೆ ಮೊದಲು ಹತ್ತಾರು ವರ್ಷ ನೈಜೀರಿಯಾದ ಯೊರೂಬಾ ಜನರ ಕಲೆ ಅಧ್ಯಯನ ಮಾಡಿದವರು. ಅಲ್ಲಿ ಒಬ್ಬ ಶಿಲ್ಪಿಯ ಕೈಕೆಳಗೆ ಕೂತು ಮರ ಕೆತ್ತುವುದನ್ನೇ ಕಲಿತಿದ್ದರು. ಘಾನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕಲಿಸಿದ ಪಾಶಿಂಗ್ಟನ್ ಒಬೆಂಗ್ ಅವರು ಕರ್ನಾಟಕದ ಸಿದ್ದಿಗಳ ಬಗ್ಗೆ 2007ರಲ್ಲಿ ಪುಸ್ತಕ ತಂದರು. ಅವರಂಥವರ ಕೆಲಸದಿಂದ ಸಿದ್ದಿ ಹೆಂಗಸರ ಕೌದಿ ಹೊರದೇಶದ ಮ್ಯೂಸಿಯಂ ಗೋಡೆ ಮೇಲೆ ಬಂತು.

ಒಂದು ನೋವಿನ ಮಾತನ್ನೂ ಹೇಳಬೇಕು. ಎಲ್ಲರೂ ಹಾಗಲ್ಲ. ನಾನಿದ್ದಾಗ ಒಂದು ತಂಡ ಬಂತು. ಮಕ್ಕಳ ಕೂದಲು ಮುಟ್ಟಿ ನೋಡಿದರು, ಅವರ ಡಮಾಮಿ ಡೋಲು ಬಡಿಸಿ ಕುಣಿಸಿದರು, ಫೋಟೊ ತೆಗೆದರು, ಹೋದರು. ಕಳಿಸುತ್ತೇವೆ ಅಂದ ಒಂದು ಫೋಟೊವೂ ಬರಲಿಲ್ಲ. ಮಾರನೇ ದಿನ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಸೆರಗು ಹಿಡಿದು, "ಟೀಚರ್, ನಾವು ಈ ಊರಿನವರಲ್ವಾ?" ಅಂತ ಕೇಳಿದಳು. ನಿಮ್ಮ ಮಗಳಿಗೆ ಇದನ್ನು ತಪ್ಪದೇ ಹೇಳಿ. ಹೋದ ಮನೆಗೆ ಮತ್ತೆ ಹೋಗಬೇಕು. ಬರೆದದ್ದನ್ನು ಅವರ ಮುಂದೆ ಓದಬೇಕು.

ತೋಟದಮನೆ, ಸಿದ್ದಾಪುರ:

ಎಲ್ಲರಿಗೂ ದೊಡ್ಡ ನಮಸ್ಕಾರ. ರಾತ್ರಿ ಮೂರು ಸಲ ಓದಿದೆ. ಟೀಚರಕ್ಕನ ಮಾತನ್ನು ಮಗಳಿಗೆ ಫೋನಿನಲ್ಲೇ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೇಷ್ಟ್ರೇ, ಒಂದು ಚಿಕ್ಕ ಪ್ರಶ್ನೆ. ನಮ್ಮ ರೋಬಸ್ಟಾ ಕೂಡ ಆಫ್ರಿಕಾದ್ದು ಅಂತ ಮಗಳು ಹೇಳಿದಳು. ಹೌದಾ?

ಹಳೇ ಮೇಷ್ಟ್ರು, ವಿರಾಜಪೇಟೆ:

ಹೌದು. ಅರೇಬಿಕಾ ಇಥಿಯೋಪಿಯಾದ ಕಾಡಿನದು, ಯೆಮನ್ ಮೇಲೆ ಬಂತು. ರೋಬಸ್ಟಾ ಮಧ್ಯ ಮತ್ತು ಪಶ್ಚಿಮ ಆಫ್ರಿಕಾದ ಕಾಡಿನದು. ಅಷ್ಟೇ ಅಲ್ಲ, ನಿಮ್ಮ ಅಡುಗೆಮನೆ ನೋಡಿ. ರಾಗಿ ಮೊದಲು ಬೆಳೆದದ್ದು ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ. ಅಲಸಂದೆಯೂ ಆಫ್ರಿಕಾದ್ದು. ಬೆಂಡೆಕಾಯಿ ಹಾಕಿ ಮಾಡುವ ಗಂಬೊ ಅನ್ನುವ ಸಾರು ಅಮೆರಿಕದ ಲೂಸಿಯಾನಾದಲ್ಲಿ ಪ್ರಸಿದ್ಧ. ಅಂಗೋಲಾ ಕಡೆಯ ಭಾಷೆಯಲ್ಲಿ ಬೆಂಡೆಕಾಯಿಗೆ ಇರುವ ಹೆಸರಿನಿಂದಲೇ ಆ ಪದ ಬಂದದ್ದು. ಎಳ್ಳಿಗೆ ಸೌತ್ ಕೆರೊಲಿನಾದಲ್ಲಿ ಇವತ್ತಿಗೂ ಬೆನ್ನೆ ಅನ್ನುತ್ತಾರೆ, ಅದು ಪಶ್ಚಿಮ ಆಫ್ರಿಕಾದ ಹೆಸರು. ನಮ್ಮ ಬೆಣ್ಣೆಗೂ ಅದಕ್ಕೂ ಸಂಬಂಧ ಇಲ್ಲ, ಕೇಳಲು ಹಾಗಿದೆ ಅಷ್ಟೆ.

ಸಿಡ್ನಿ ಮಿಂಟ್ಸ್ ಅನ್ನುವ ಪ್ರೊಫೆಸರ್ 1948ರಲ್ಲಿ ಪೋರ್ಟೊ ರಿಕೊದ ಕಬ್ಬಿನ ಗದ್ದೆ ಕೂಲಿಗಳ ಜೊತೆ ಇದ್ದು ಕೆಲಸ ಶುರು ಮಾಡಿದರು. ಒಂದು ಚಮಚ ಸಕ್ಕರೆ ಇಂಗ್ಲೆಂಡಿನ ಬಡವರ ಚಹಾಕ್ಕೆ ಬರಲು ಎಷ್ಟು ಜನ ಗುಲಾಮರಾದರು ಅಂತ 1985ರಲ್ಲಿ ಬರೆದರು. ಕಾಫಿ ಬೆಳೆಯುವ ಮನೆಯ ಹುಡುಗಿ ಅದನ್ನು ಓದಿದರೆ ಅವಳಿಗೆ ತೋಟದ ಕೂಲಿಗಳ ಲೈನ್ ಮನೆಗಳೂ ಬೇರೆ ಥರ ಕಾಣುತ್ತವೆ. ನನಗೆ ಹಾಗೆ ಆಯಿತು.

ಇನ್ನೊಂದು ಮಾತು. ಅವ್ವನಿಗೆ ನಾಟಿ ಹಾಡು ಬರುತ್ತದಾ? ಬಂದರೆ ಮಗಳಿಗೆ ಮೊದಲು ಅದನ್ನು ಬರೆದುಕೊಳ್ಳಲು ಹೇಳಿ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರ ಸಂಗ್ರಹ ಅಚ್ಚಾಗದೇ ಹೋಗಿದ್ದರೆ ಕೊಡವರ ಎಷ್ಟು ಹಾಡು ಇವತ್ತು ನಮಗೆ ಸಿಗುತ್ತಿತ್ತು? ಕಿವಿ ಮನೆಯಲ್ಲೇ ಪಳಗಬೇಕು.

ತೋಟದಮನೆ, ಸಿದ್ದಾಪುರ:

ಮೇಷ್ಟ್ರೇ, ಮಗಳು ಶನಿವಾರ ಬಂದಿದ್ದಳು. ಅವ್ವನನ್ನು ಕಣದ ಪಕ್ಕ ಬಿಸಿಲಿಗೆ ಕೂರಿಸಿ, ಮಡಿಲಲ್ಲಿ ಮೊರ ಇಟ್ಟು, ಅದರ ಮೇಲೆ ಫೋನ್ ಇಟ್ಟಳು. ಅವ್ವ ಮೊದಲು ನಾಚಿಕೊಂಡರು. ಆಮೇಲೆ ಬೆರಳಿನಿಂದ ಮೊರದ ಅಂಚು ತಟ್ಟುತ್ತಾ ಶುರು ಮಾಡಿದರು. ನಾನು ಈ ಹಾಡು ಕೇಳಿ ಮೂವತ್ತು ವರ್ಷ ಆಗಿರಬೇಕು. ಈಗ ನಮ್ಮ ಗದ್ದೆಯಲ್ಲಿ ಮಿಷನ್ ನಾಟಿ, ಹಾಡುವವರು ಯಾರು.

ನಾಲ್ಕು ಸಾಲು ಸಲೀಸಾಗಿ ಬಂತು. ಐದನೆಯದು ಬರಲಿಲ್ಲ. ಎರಡು ಸಲ ಮೊದಲಿಂದ ಹೇಳಿದರು, ಅಲ್ಲೇ ನಿಂತರು. ಒಂದು ಪದದ ಅರ್ಥ ಮಗಳು ಕೇಳಿದಳು, ಅವ್ವನಿಗೆ ಗೊತ್ತಿಲ್ಲ. "ನಮ್ಮ ಅತ್ತೆ ಹಾಗೇ ಹೇಳ್ತಿದ್ರು" ಅಂದರು. ಆಮೇಲೆ ಸಂಜೆ ಕಾಫಿ ಕುಡಿಯುವಾಗ ಅವರೇ ನೆನಪು ಮಾಡಿಕೊಂಡು ಹೇಳಿದರು, ಚೆಟ್ಟಳ್ಳಿಯಲ್ಲಿ ಅವರ ಜೊತೆ ನಾಟಿಗೆ ಬರುತ್ತಿದ್ದ ಒಬ್ಬರು ಇನ್ನೂ ಇದ್ದಾರೆ, ಅವರಿಗೆ ಪೂರ್ತಿ ಬರುತ್ತದೆ ಅಂತ. ಬರುವ ಭಾನುವಾರ ಜೀಪಿನಲ್ಲಿ ಮೂವರೂ ಹೋಗುತ್ತಿದ್ದೇವೆ.